ಮಾನಸಿಕ ಆರೋಗ್ಯ: ಸ್ಥಳೀಯ ವೈದ್ಯರಿಗೆ ತಜ್ಞರ ಬೆಂಬಲ

ಮೈಕೈ ನೋವು, ನಿದ್ರಾಹೀನತೆ, ಸದಾ ಆಯಾಸ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರಲ್ಲಿ ಕೆಲವರನ್ನು ಬಾಧಿಸುತ್ತಿರುವುದು ವಾಸ್ತವವಾಗಿ ಖಿನ್ನತೆ ಅಥವಾ ಆತಂಕದ ಕಾಯಿಲೆ. ಇಂತಹ ರೋಗಿಗಳನ್ನು ದೂರದ ನಗರದ ಆಸ್ಪತ್ರೆಗೆ ಕಳುಹಿಸಿದರೆ, ಪ್ರಯಾಣದ ವೆಚ್ಚ, ದಿನಗೂಲಿಯ ನಷ್ಟ ಮತ್ತು ಜನರ ಮಾತಿನ ಅಂಜಿಕೆಯಿಂದ ಹಲವರು ಹೋಗುವುದಿಲ್ಲ. ಹೋದವರಲ್ಲಿಯೂ ಅನೇಕರು ಚಿಕಿತ್ಸೆಯನ್ನು ನಡುವೆಯೇ ಕೈಬಿಡುತ್ತಾರೆ. ಆದುದರಿಂದ ತಜ್ಞರ ನೆರವಿನೊಡನೆ ಸ್ಥಳೀಯ ವೈದ್ಯರೇ ಚಿಕಿತ್ಸೆ ನೀಡುವ ವ್ಯವಸ್ಥೆ ಅಗತ್ಯವಾಗಿದೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಆ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿತು. ಜಿಲ್ಲಾ ಮಟ್ಟದ ತಂಡವೊಂದು ಅವರ ಬೆಂಬಲಕ್ಕೆ ನಿಂತಿತು. ಈ ಮಾದರಿಯನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಲಾಯಿತು. ಮಾನಸಿಕ ಆರೋಗ್ಯ ಸೇವೆಯನ್ನು ಸಾಮಾನ್ಯ ಆರೋಗ್ಯ ಸೇವೆಯೊಡನೆ ಎಲ್ಲ ಹಂತಗಳಲ್ಲಿಯೂ ಬೆಸೆಯಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ವಿಧಿಸುತ್ತದೆ.

ಬಯಲುಸೀಮೆಯಲ್ಲಿ ಸುಮಾರು 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಿಗದಿತ ಪ್ರಮಾಣ. ಇಷ್ಟು ಜನರ ಹೊಣೆ ಹೊತ್ತ ವೈದ್ಯರಿಗೆ ದೀರ್ಘ ಉಪನ್ಯಾಸಗಳಿಗಿಂತ, ಎದುರಿಗೆ ಕುಳಿತಿರುವ ರೋಗಿಯ ಬಗ್ಗೆ ಆಗಲೇ ದೊರೆಯುವ ಸಲಹೆ ಹೆಚ್ಚು ಉಪಯುಕ್ತ. ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ಕಾಲ, ಯಾವ ಲಕ್ಷಣ ಕಂಡರೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು ಎಂಬುದು ಅವರಿಗೆ ಸ್ಪಷ್ಟವಾಗಬೇಕು. ಪರಿಚಿತ ತಜ್ಞರೊಡನೆ ನೇರ ಸಂಪರ್ಕವಿದ್ದರೆ ಸಣ್ಣ ಸಂದೇಹವನ್ನೂ ಸಂಕೋಚವಿಲ್ಲದೆ ಕೇಳಬಹುದು. ಇದಕ್ಕೆ ಅನುಗುಣವಾಗಿ, ವೈದ್ಯರು ತಮ್ಮ ಕೇಂದ್ರದಲ್ಲಿ ರೋಗಿಗಳನ್ನು ಪರೀಕ್ಷಿಸುತ್ತಿರುವಾಗಲೇ ವಿಡಿಯೋ ಮೂಲಕ ಮಾರ್ಗದರ್ಶನ ನೀಡುವ ತರಬೇತಿಯನ್ನು ನಿಮ್ಹಾನ್ಸ್ ನಡೆಸಿದೆ. 2019ರಲ್ಲಿ ಆರಂಭವಾದ ಇ-ಸಂಜೀವನಿ ಸೇವೆಯಲ್ಲಿಯೂ ಆರೋಗ್ಯ ಕೇಂದ್ರದಿಂದಲೇ ದೂರದ ವೈದ್ಯರ ಸಲಹೆ ಪಡೆಯಬಹುದು.

ತಜ್ಞರ ಬಳಿಗೆ ಹೋದ ರೋಗಿಯ ವಿವರ ಸ್ಥಳೀಯ ವೈದ್ಯರಿಗೆ ಮರಳಿ ತಿಳಿಯದಿದ್ದರೆ ಈ ಸಹಕಾರ ಕಡಿದುಹೋಗುತ್ತದೆ. ಇಲ್ಲಿ ಸಾರ್ವಜನಿಕರ ಪಾತ್ರವೂ ಇದೆ. ತಜ್ಞರು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಟ್ಟು ಊರಿನ ವೈದ್ಯರಿಗೆ ತೋರಿಸಬೇಕು. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಪಡೆಯಬಹುದು. ಕನ್ನಡವೂ ಈ ಸೇವೆಯ ಭಾಷೆಗಳಲ್ಲೊಂದು. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ಮನಸ್ಸಿನ ನೋವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಇದು ನೆರವಾಗಬಲ್ಲದು.