ವೇಷ ಬದಲಿಸುವ ಕಳ್ಳ, ಗುರುತು ಹಿಡಿಯುವ ಕಾವಲುಗಾರ

ಪವಿತ್ರ ಕುರ್‌ಆನ್‌ನ ಅಲ್‌ಬಕರಃ ಅಧ್ಯಾಯದ 26ನೇ ಸೂಕ್ತದಲ್ಲಿ ಸೊಳ್ಳೆಯ ಉಪಮೆ ಬರುತ್ತದೆ. ಇಷ್ಟು ಕ್ಷುದ್ರ ಜೀವಿಯ ಮಾತೇಕೆ ಎಂದು ಆಕ್ಷೇಪವೆತ್ತಿದವರು ಅಂದೂ ಇದ್ದರು. ಆದರೆ ಅದರ ಎಂಜಲಿನಲ್ಲಿ ಅಡಗಿ ಬರುವ, ಬರಿಗಣ್ಣಿಗೆ ಕಾಣದ ಮಲೇರಿಯಾ ರೋಗಾಣು ನಮ್ಮ ದೇಹದ ಕಾವಲು ಪಡೆಯನ್ನು ಏಮಾರಿಸುವ ಬಗೆಯನ್ನು ಅರಿತರೆ ಸೊಳ್ಳೆಯನ್ನು ಯಾರೂ ಹಗುರವಾಗಿ ಕಾಣಲಾರರು.

ಮಲೇರಿಯಾಕ್ಕೂ ಬೆಂಗಳೂರಿಗೂ ಹಳೆಯ ನಂಟು. 1883ರಲ್ಲಿ ಇಲ್ಲಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನೂ ನೀರು ಚೆಲ್ಲಿಸಿದೊಡನೆ ಕಾಟ ತಗ್ಗುವುದನ್ನೂ ಗಮನಿಸಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗಾಣುವನ್ನು ಕಂಡವರೂ ಅವರೇ. ಇಂದು ಹನುಮಂತನಗರದ ಮನೆಗಳಲ್ಲಿ ಡೆಂಗ್ಯೂವಿನ ಹೆಸರು ಕೇಳಿದಷ್ಟು ಮಲೇರಿಯಾದ ಹೆಸರು ಕೇಳುವುದಿಲ್ಲ. ಆದರೆ ಮದುವೆ, ಬಾಣಂತನ, ಈದ್ ಎಂದು ಮಂಗಳೂರಿಗೆ ಹೋಗಿ ಬರುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಆ ಊರನ್ನು ಈ ಜ್ವರ ದಶಕಗಳ ಕಾಲ ಬಿಡದೆ ಕಾಡಿದೆ.

ನಮ್ಮ ರಕ್ತದ ಬಿಳಿ ಕಣಗಳಿಗೆ ಕಣ್ಣಿಲ್ಲ. ಕತ್ತಲಲ್ಲಿ ಬಟ್ಟೆ ಮುಟ್ಟಿ ಇದು ರೇಷ್ಮೆ, ಇದು ಹತ್ತಿ ಎನ್ನುವಂತೆ ಅವು ಮುಟ್ಟಿಯೇ ಗುರುತಿಸಬೇಕು. ಪ್ರತಿಯೊಂದು ಜೀವಕೋಶದ ಮೈಮೇಲೆ ಸಕ್ಕರೆ, ಕೊಬ್ಬು, ಪ್ರೋಟೀನುಗಳ ಅಣುಗಳು ಎದ್ದು ನಿಂತಿರುತ್ತವೆ. ಕಾವಲು ಕಣಗಳ ಮೈಮೇಲೂ ಅವನ್ನು ಹಿಡಿಯುವ ಅಣುಗಳಿವೆ. ಬೀಗಕ್ಕೆ ಕೀಲಿಕೈ ಕೂಡುವಂತೆ ಎರಡೂ ಕೂಡಿಕೊಂಡರೆ ಪರಕೀಯನು ಸಿಕ್ಕಿಬಿದ್ದನೆಂದೇ ಅರ್ಥ.

ಈ ಕಾವಲಿನಲ್ಲಿ ಎರಡು ಬಗೆ. ಮೊದಲನೆಯದು ಹುಟ್ಟಿನಿಂದಲೇ ಬಂದದ್ದು. ಮಲೇರಿಯಾ ರೋಗಾಣು ತನ್ನ ಪ್ರೋಟೀನುಗಳನ್ನು ಮೈಗೆ ಸಿಕ್ಕಿಸಿಕೊಳ್ಳಲು ಸಕ್ಕರೆ ಮತ್ತು ಕೊಬ್ಬು ಸೇರಿದ ಒಂದು ಬಗೆಯ ಕೊಕ್ಕೆಯನ್ನು ಬಳಸುತ್ತದೆ. ನಮ್ಮ ಕಣಗಳ ಮೇಲಿನ ‘ಟೋಲ್’ ಎಂಬ ಗ್ರಾಹಕಗಳು ಆ ಕೊಕ್ಕೆಯನ್ನು ಹಿಡಿದೊಡನೆ ಅಪಾಯದ ಸಂದೇಶ ಹೊರಡುತ್ತದೆ. ಕೆಂಪು ರಕ್ತಕಣಗಳು ಒಡೆದು ಮರಿ ರೋಗಾಣುಗಳು ಹೊರಬೀಳುವ ಹೊತ್ತಿಗೆ ಬರುವ ಚಳಿ-ಜ್ವರ ಈ ಸಂದೇಶದ ಫಲವೇ. ಅಂದರೆ ಜ್ವರ ಬರಿಸುವುದು ರೋಗಾಣು ಮಾತ್ರವಲ್ಲ, ನಮ್ಮದೇ ಕಾವಲುಗಾರರ ಕೂಗು ಕೂಡ! ಈ ಗ್ರಾಹಕಗಳ ಸಂಶೋಧನೆಗಾಗಿ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್‌ರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಎರಡನೆಯ ಬಗೆಯ ಕಾವಲು ನಿಧಾನ, ಆದರೆ ನಿಖರ. ಒಂದೊಂದು ಅಣುವಿಗೂ ತಕ್ಕ ಪ್ರತಿಕಾಯವನ್ನು ತಯಾರಿಸಿ ಅದು ನೆನಪಿಟ್ಟುಕೊಳ್ಳುತ್ತದೆ.

ಹಾಗಾದರೆ ಮಲೇರಿಯಾ ಮತ್ತೆ ಮತ್ತೆ ಬರುವುದೇಕೆ? ಕಳ್ಳನೂ ಜಾಣನೇ. ಅವನು ಅಡಗುವುದು ಕೆಂಪು ರಕ್ತಕಣದೊಳಗೆ. ಬೇರೆ ಜೀವಕೋಶಗಳು ತಮ್ಮೊಳಗೆ ಹೊಕ್ಕವನ ತುಣುಕನ್ನು ಹೊರಗೆ ಎತ್ತಿ ತೋರಿಸುತ್ತವೆ. ಕೆಂಪು ಕಣಕ್ಕೆ ಆ ಶಕ್ತಿ ಇಲ್ಲ. ಇನ್ನು ಮಾರಕವಾದ ಫಾಲ್ಸಿಪಾರಂ ತಳಿಯು ತಾನು ಹೊಕ್ಕ ರಕ್ತಕಣದ ಮೈಮೇಲೆ ಒಂದು ಅಂಟು ಪ್ರೋಟೀನನ್ನು ನಿಲ್ಲಿಸಿ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಳಾದ ಕಣಗಳನ್ನು ಸೋಸಿ ತೆಗೆಯುವ ಗುಲ್ಮದ ಕಡೆಗೆ ಹೋಗದಿರಲು ಈ ಉಪಾಯ. ಪ್ರತಿಕಾಯ ತಯಾರಾಗುವಷ್ಟರಲ್ಲಿ ಅದು ಪ್ರೋಟೀನನ್ನೇ ಬದಲಿಸಿಬಿಡುತ್ತದೆ. ಇಂತಹ ಸುಮಾರು 60 ವೇಷಗಳು ಅದರ ಜೀನುಗಳಲ್ಲಿವೆ.

ಇವುಗಳಲ್ಲಿ ಒಂದು ವೇಷ ಗರ್ಭಿಣಿಯರಿಗೆಂದೇ ಇರುವಂತಿದೆ. ಅದು ಅಂಟುವುದು ಮಗುವಿಗೆ ಆಹಾರ ಸಾಗಿಸುವ ಮಾಸಿನ ಮೇಲಿನ ಒಂದು ಸಕ್ಕರೆ ಅಣುವಿಗೆ. ಚೊಚ್ಚಲ ಗರ್ಭಿಣಿಯ ದೇಹ ಆ ವೇಷವನ್ನು ಮೊದಲು ಕಂಡಿರುವುದಿಲ್ಲ. ಆದ್ದರಿಂದ ಮಲೇರಿಯಾ ಹೆಚ್ಚಿರುವ ನಾಡುಗಳಲ್ಲಿ ಮೊದಲ ಬಸಿರಿನಲ್ಲೇ ಅಪಾಯ ಹೆಚ್ಚು. ತಾಯಿಗೆ ರಕ್ತಹೀನತೆ, ಕೂಸಿಗೆ ತೂಕ ಕಡಿಮೆ. ಗರ್ಭಿಣಿಗೆ ಚಳಿ-ಜ್ವರ ಬಂದಾಗ ‘ದೃಷ್ಟಿಯಾಗಿದೆ’ ಎಂದು ತಾಯಿತ ಕಟ್ಟಿಸಿ ಎರಡು ದಿನ ಕಾಯುವ ಹಿರಿಯರು ಇದನ್ನು ತಿಳಿಯಬೇಕು. ದುಆ ಮಾಡೋಣ, ಅದೇ ದಿನ ರಕ್ತಪರೀಕ್ಷೆಯನ್ನೂ ಮಾಡಿಸೋಣ. ರೋಗ ಕೊಟ್ಟ ಅಲ್ಲಾಹನು ಮದ್ದನ್ನೂ ಕೊಟ್ಟಿದ್ದಾನೆಂಬುದು ನಮ್ಮ ವಿಶ್ವಾಸವಲ್ಲವೇ?

ಮಂಗಳೂರಿನ ಕಡೆ ಹೆಚ್ಚಾಗಿ ಕಾಣುವುದು ವೈವಾಕ್ಸ್ ತಳಿ. ಅದು ಕೆಂಪು ಕಣವನ್ನು ಹೊಗಲು ‘ಡಫಿ’ ಎಂಬ ಅಣುವನ್ನು ಬಾಗಿಲಾಗಿ ಬಳಸುತ್ತದೆ. ಪಶ್ಚಿಮ ಆಫ್ರಿಕದ ಬಹುಪಾಲು ಜನರ ರಕ್ತಕಣಗಳಲ್ಲಿ ಆ ಬಾಗಿಲೇ ಇಲ್ಲ, ಹಾಗಾಗಿ ಅಲ್ಲಿ ವೈವಾಕ್ಸ್ ಅಪರೂಪ. ನಮ್ಮಲ್ಲಿ ಬಾಗಿಲು ತೆರೆದೇ ಇದೆ. ಇದರ ದೊಡ್ಡ ಮೋಸವೆಂದರೆ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಮಲಗುವುದು. ಮೂರು ದಿನದ ಕ್ಲೋರೋಕ್ವಿನ್‌ಗೆ ಜ್ವರ ಇಳಿಯುತ್ತದೆ, ಮಲಗಿದವನು ಸಾಯುವುದಿಲ್ಲ. ಅವನಿಗಾಗಿಯೇ 14 ದಿನ ಪ್ರೈಮಾಕ್ವಿನ್ ಕೊಡುವುದು. ಜ್ವರ ಬಿಟ್ಟಿತೆಂದು ಐದನೇ ದಿನಕ್ಕೆ ಮಾತ್ರೆಯ ಪಟ್ಟಿಯನ್ನು ಕಪಾಟಿನಲ್ಲಿಡುವವರೇ ಹೆಚ್ಚು. ಬರಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆನೋವು ಬರುವುದರಿಂದ ಊಟದ ಮೇಲೆ ತೆಗೆದುಕೊಳ್ಳಬೇಕು. ರಮಝಾನ್‌ನಲ್ಲಿ ರೋಗಿಗೆ ಉಪವಾಸ ಬಿಟ್ಟು ಆಮೇಲೆ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಗರ್ಭಿಣಿಯರಿಗೆ, ಎಳೆ ಕೂಸುಗಳಿಗೆ, ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆ ಸಲ್ಲದು. ಆದ್ದರಿಂದ ಒಬ್ಬರ ಚೀಟಿಯ ಮಾತ್ರೆ ಇನ್ನೊಬ್ಬರಿಗೆ ಬೇಡ.

ಸೊಳ್ಳೆ ಚುಚ್ಚಿದಾಗ ಬರುವ ರೋಗಾಣುವಿನ ಮೈತುಂಬ ಇರುವ ಪ್ರೋಟೀನನ್ನು ಕಾವಲು ಕಣಗಳಿಗೆ ಮೊದಲೇ ಪರಿಚಯಿಸುವ ಲಸಿಕೆಗಳೂ ಬಂದಿವೆ. ಆರ್‌ಟಿಎಸ್,ಎಸ್ ಎಂಬುದನ್ನು 2021ರಲ್ಲಿ, ಪುಣೆಯ ಸೀರಂ ಸಂಸ್ಥೆ ತಯಾರಿಸುವ ಆರ್21 ಅನ್ನು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಇವೆರಡೂ ಮುಖ್ಯವಾಗಿ ಆಫ್ರಿಕದ ಮಕ್ಕಳಿಗೆ, ಫಾಲ್ಸಿಪಾರಂ ವಿರುದ್ಧ. ವೈವಾಕ್ಸ್‌ನ ಅಂಗಿ ಬೇರೆ. ಅದಕ್ಕೆ ಸದ್ಯಕ್ಕೆ ಸೊಳ್ಳೆ ಪರದೆ, ಮುಚ್ಚಿದ ನೀರಿನ ಟ್ಯಾಂಕಿ ಮತ್ತು ಆ 14 ದಿನದ ಮಾತ್ರೆ.