ಹದಿಹರೆಯದ ಮಕ್ಕಳಿಗೆ ಚಿತ್ರ ದಿನಚರಿ

ಹದಿಹರೆಯವು ಮಕ್ಕಳಿಗೂ ಪಾಲಕರಿಗೂ ಸುಲಭದ ಕಾಲವಲ್ಲ. ನಿನ್ನೆಯವರೆಗೆ ಬಾಯ್ತುಂಬ ಮಾತನಾಡುತ್ತಿದ್ದ ಮಗ ಶಾಲೆಯಿಂದ ಬಂದವನೇ ಬಾಗಿಲು ಹಾಕಿಕೊಳ್ಳುತ್ತಾನೆ. ಮಗಳು ಸಣ್ಣ ಮಾತಿಗೆ ಸಿಡಿಯುತ್ತಾಳೆ, ಅರ್ಧ ಗಂಟೆಯಲ್ಲಿ ಅಳುತ್ತಾಳೆ. ಇದನ್ನು ಸೊಕ್ಕು ಎಂದು ತಿಳಿಯಬೇಡಿ. ಭಾವನೆಗಳನ್ನು ಕೆರಳಿಸುವ ಮಿದುಳಿನ ಭಾಗ ಈ ವಯಸ್ಸಿನಲ್ಲಿ ಬಹಳ ಚುರುಕು. ಅದಕ್ಕೆ ಕಡಿವಾಣ ಹಾಕುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಸಮಯ ಬೇಕು. ಇದರ ಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿಯ ಭಾರ, ದೂರದ ಹಳ್ಳಿಯಿಂದ ದಿನವೂ ಬಸ್ ಪ್ರಯಾಣ ಅಥವಾ ಹಾಸ್ಟೆಲ್ ವಾಸ, ಕೈಯಲ್ಲಿ ಮೊಬೈಲ್.

"ಏನಾಯ್ತು?" ಎಂದು ಕೇಳಿದರೆ "ಏನಿಲ್ಲ" ಎಂಬ ಉತ್ತರ ಬರುತ್ತದೆ. ಅದು ಸುಳ್ಳೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಮಗುವಿಗೆ ತನ್ನೊಳಗಿನದನ್ನು ಹೇಳಲು ಮಾತೇ ಸಿಕ್ಕಿರುವುದಿಲ್ಲ. ಚಿತ್ರ ದಿನಚರಿ ಉಪಯೋಗಕ್ಕೆ ಬರುವುದು ಇಂಥಲ್ಲಿಯೇ.

ಚಿತ್ರ ದಿನಚರಿ ಎಂದರೆ ಒಂದು ನೋಟ್‌ಬುಕ್. ಅದರಲ್ಲಿ ಗೀಚು, ಬಣ್ಣ, ಅಂಟಿಸಿದ ಕಾಗದ, ಎರಡು ಸಾಲು ಬರಹ, ಮೇಲೆ ತಾರೀಖು. ಇದು ಚಿತ್ರಕಲೆಯ ಪರೀಕ್ಷೆಯಲ್ಲ. ಚೆಂದ ಬರಬೇಕೆಂಬ ಹಟ ಬಂದರೆ ಇದರ ಪ್ರಯೋಜನವೇ ಹೋಗುತ್ತದೆ. ದುಬಾರಿ ಬಣ್ಣವೂ ಬೇಡ. ಹಳೆಯ ಲಗ್ನಪತ್ರಿಕೆ, ಪೇಪರಿನ ಚೂರು, ಅರಿಶಿನ, ಇದ್ದಿಲು, ಅಂಗಳದ ಕೆಮ್ಮಣ್ಣು ಧಾರಾಳ ಸಾಕು. ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ದೀವರ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಒಂದೇ ಗೆರೆ, ಒಂದೇ ಹೊಲಿಗೆ ಮತ್ತೆ ಮತ್ತೆ ಹಾಕುವಾಗ ಉಸಿರು ತಾನಾಗಿ ನಿಧಾನವಾಗುವುದನ್ನು ಮಾಡಿ ನೋಡಿದವರು ಬಲ್ಲರು.

ಮೊದಲ ಪುಟಕ್ಕೆ ಒಂದು ಸುಲಭ ದಾರಿಯಿದೆ. "ಇವತ್ತು ನನ್ನೊಳಗೆ ಎಂಥ ಮಳೆ?" ಎಂದು ಕೇಳಿಕೊಂಡು ಬಿಡಿಸಲಿ. ಜಿಟಿಜಿಟಿಯೇ, ಧೋ ಎಂದು ಸುರಿಯುವುದೇ, ನಡುವೆ ಹೊಳವಾದದ್ದೇ? ಮಲೆನಾಡಿನ ಮಕ್ಕಳಿಗೆ ಮಳೆಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ದಿನ ಒಂದು ಆಳಿನ ಆಕಾರ ಬರೆದು, ಸಿಟ್ಟು ಬಂದಾಗ ಎಲ್ಲಿ ಬಿಸಿಯಾಗುತ್ತದೆ, ಹೆದರಿಕೆಯಾದಾಗ ಎಲ್ಲಿ ಹಿಂಡುತ್ತದೆ ಎಂದು ಅಲ್ಲಲ್ಲಿ ಬಣ್ಣ ತುಂಬಲಿ. ಹೊಟ್ಟೆನೋವು, ತಲೆನೋವೆಂದು ಬರುವ ಎಷ್ಟೋ ಮಕ್ಕಳ ಮೂಲ ಚಿಂತೆಯಲ್ಲಿರುತ್ತದೆ. ಹಾಗೆಂದು ವೈದ್ಯರಿಗೆ ತೋರಿಸದೆ ಬಿಡಬಾರದು. ಹತ್ತು ಹದಿನೈದು ನಿಮಿಷ ಸಾಕು, ಮಲಗುವ ಮೊದಲು, ಮೊಬೈಲ್ ಬದಿಗಿಟ್ಟು.

ಇದರಿಂದ ಗುಣವಿದೆಯೇ? 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಮಂದಿಗೆ 45 ನಿಮಿಷ ಮಣ್ಣು, ಬಣ್ಣ, ಕಾಗದ ಕೊಟ್ಟು ಕೂರಿಸಿದಾಗ, ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು. ಅವರೆಲ್ಲ ವಯಸ್ಕರು, ಸಂಖ್ಯೆಯೂ ಚಿಕ್ಕದು. ಆದ್ದರಿಂದ ಇದನ್ನೇ ಔಷಧವೆನ್ನಲಾಗದು. ಇನ್ನೊಂದು ಮಾತು ಗಮನಿಸತಕ್ಕದ್ದು. ದುಃಖವನ್ನೇ ಚಿತ್ರಿಸಿದವರಿಗಿಂತ ಬೇರೇನನ್ನೋ ಚಿತ್ರಿಸಿದವರ ಮನಸ್ಸು ಆ ಹೊತ್ತಿಗೆ ಹೆಚ್ಚು ಹಗುರಾಯಿತೆಂದು ಬಾಸ್ಟನ್ನಿನ ಸಂಶೋಧಕರು ಕಂಡಿದ್ದಾರೆ. ಆದ್ದರಿಂದ ಮಗು ಒಂದೇ ಸಿಟ್ಟನ್ನು ಪುಟಗಟ್ಟಲೆ ತಿರುಗಿಸುತ್ತಿದ್ದರೆ ಬೆಕ್ಕು, ಬಾಳೆಗೊನೆ, ಕಿಟಕಿಯ ಸಾಲು, ಏನನ್ನಾದರೂ ಬಿಡಿಸಲು ಹೇಳಿ.

ಪಾಲಕರೇ, ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಕೈಯಲ್ಲಿದೆ: ಆ ಪುಸ್ತಕವನ್ನು ಕದ್ದು ನೋಡಬೇಡಿ. ಒಮ್ಮೆ ನೋಡಿ ಸಿಕ್ಕಿಬಿದ್ದರೆ ಮಗು ಅದರಲ್ಲಿ ಮತ್ತೆ ನಿಜ ಬರೆಯುವುದಿಲ್ಲ. ತಾನಾಗಿ ತೋರಿಸಿದರೆ "ಇದೇನು, ಕೈಯೇ ಸೊಟ್ಟ" ಎನ್ನಬೇಡಿ, ನೆಂಟರೆದುರು ಎತ್ತಿ ಹಿಡಿಯಲೂ ಬೇಡಿ. "ಇದರ ಬಗ್ಗೆ ಹೇಳು" ಎಂದರೆ ಸಾಕು. ಕಪ್ಪು ಬಣ್ಣ ಕಂಡ ಮಾತ್ರಕ್ಕೆ ಗಾಬರಿಯೂ ಬೇಡ. ಕಪ್ಪು ಪೆನ್ನು ಎದುರಿಗೆ ಸಿಕ್ಕಿದ್ದಷ್ಟೇ ಇರಬಹುದು.

ಆದರೆ ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನೂ ಓದನ್ನೂ ಬಿಟ್ಟು ಕುಳಿತರೆ ವೈದ್ಯರನ್ನು ಕಾಣಿರಿ. ಮೈಮೇಲೆ ಕೊಯ್ದ ಗುರುತು ಕಂಡರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಾಯಲ್ಲಿಯೋ ಪುಟದಲ್ಲಿಯೋ ಬಂದರೆ ಅಂದೇ ಕರೆತನ್ನಿರಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿ, ಮಾತ್ರೆಗಳು ಕೈಗೆ ಸಿಗದಂತೆ ಬೀಗದಲ್ಲಿಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎಂದಿಲ್ಲದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳೂ ತಾವೇ ಮಾಡಬಹುದು. ಆಸ್ಪತ್ರೆಗೆ ಬರುವಾಗ ದಿನಚರಿಯನ್ನು ತರಬೇಕೋ ಬೇಡವೋ ಎಂಬುದನ್ನು ಮಗುವೇ ಹೇಳಲಿ.