ಒಂದು ಡ್ರೈವ್, ಮೂರು ಮೋಟರ್

ಕುಂಭಾಶಿಯವರು ರೈಲು ಹಿಡಿಯಬೇಕಾದರೆ ಉತ್ತರಕ್ಕೆ ಕುಂದಾಪುರ, ದಕ್ಷಿಣಕ್ಕೆ ಬಾರ್ಕೂರು. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಕೊಂಕಣ ಮಾರ್ಗ ಪೂರ್ತಿ ವಿದ್ಯುದೀಕರಣಗೊಂಡು 2022ರ ಜೂನ್ 20ರಂದು ಲೋಕಾರ್ಪಣೆಯಾಯಿತು. ಹೊರಡುವ ರೈಲಿನ ಮುಂದೆ ಡಬ್ಲ್ಯುಎಪಿ-7 ಎಂಜಿನ್ ಇದ್ದರೆ ಕಿವಿಗೊಟ್ಟು ನೋಡಿ: ಸಣ್ಣಗೆ ಶುರುವಾಗಿ ಏರುತ್ತ ಹೋಗುವ ಗುಂಯ್ ಸದ್ದು. ಮೋಟರಿಗೆ ಹೋಗುವ ಕರೆಂಟಿನ ಆವರ್ತನವನ್ನು ಇನ್ವರ್ಟರ್ ಬದಲಿಸುವಾಗ ಬರುವ ಸದ್ದು ಅದು. ಮಿಲ್ಲುಗಳಲ್ಲಿ ಇದೇ ಸಾಧನಕ್ಕೆ ವಿಎಫ್‌ಡಿ ಅಥವಾ ಬರೇ ಡ್ರೈವ್ ಎನ್ನುತ್ತಾರೆ.

ಈ ಎಂಜಿನ್ನಿಗೆ ಆರು ಮೋಟರ್, ಒಂದೊಂದೂ 850 ಕಿಲೋವ್ಯಾಟ್. ಮೂಲ ವಿನ್ಯಾಸದಲ್ಲಿ ಆರಕ್ಕೆ ಆರು ಡ್ರೈವ್ ಇಲ್ಲ. ಒಂದು ಬೋಗಿಯ, ಅಂದರೆ ಎಂಜಿನ್ನಿನಡಿಯ ಮೂರು ಅಚ್ಚಿನ ಒಂದು ಚೌಕಟ್ಟಿನ, ಮೂರು ಮೋಟರುಗಳನ್ನು ಸಮಾಂತರವಾಗಿ ಜೋಡಿಸಿ ಒಂದೇ ಇನ್ವರ್ಟರಿನಿಂದ ಓಡಿಸುತ್ತಾರೆ. ಇದು ಸಾಧ್ಯವಾಗುವುದು ಇಂಡಕ್ಷನ್ ಮೋಟರಿನ ಗುಣದಿಂದ. ನಾಲ್ಕು ಧ್ರುವದ ಮೋಟರಿಗೆ 50 ಹರ್ಟ್ಜ್ ಕೊಟ್ಟರೆ ಒಳಗಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, 25 ಕೊಟ್ಟರೆ 750. ರೋಟರ್ ಅದಕ್ಕಿಂತ ತುಸು ಹಿಂದೆ ಬೀಳುತ್ತದೆ. ಇದೇ ಸ್ಲಿಪ್. ಹೊರೆ ಹೆಚ್ಚಿದಷ್ಟೂ ಸ್ಲಿಪ್ ಹೆಚ್ಚುತ್ತದೆ. ಹಾಗಾಗಿ ಮೂರೂ ಮೋಟರಿಗೆ ಒಂದೇ ಆವರ್ತನ ಸಿಕ್ಕರೂ ಅವು ಕೂದಲೆಳೆಯಷ್ಟು ಹೆಚ್ಚುಕಡಿಮೆ ವೇಗದಲ್ಲಿ ತಿರುಗಬಲ್ಲವು.

ಆದರೆ ಈ ಸಡಿಲಿಕೆಗೂ ಮಿತಿ ಇದೆ. ಹೊಸ ಗಾಲಿಯ ವ್ಯಾಸ 1092 ಮಿ.ಮೀ., ಸವೆದು 1016ರವರೆಗೆ ಬರುತ್ತದೆ. ಒಂದು ಗಾಲಿ ಪಕ್ಕದ್ದಕ್ಕಿಂತ ಐದೂವರೆ ಮಿ.ಮೀ. ಚಿಕ್ಕದಾದರೆ ಅದು ಶೇ. 0.5ರಷ್ಟು ಜೋರಾಗಿ ತಿರುಗಬೇಕು. ಸ್ಲಿಪ್ ಇರುವುದೇ ಶೇ. 1 ಎಂದಾದರೆ ಆ ಮೋಟರಿನ ಸ್ಲಿಪ್ ಅರ್ಧಕ್ಕಿಳಿಯುತ್ತದೆ, ಎಳೆಯುವ ಬಲವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಉಳಿದ ಭಾರ ದೊಡ್ಡ ಗಾಲಿಗಳ ಮೋಟರಿಗೆ. ಒಂದೇ ಬೋಗಿಯ ಗಾಲಿಗಳ ವ್ಯಾಸವನ್ನು ಅಳೆದು ಸರಿಸಮ ಇಟ್ಟುಕೊಳ್ಳುವುದು ಅದಕ್ಕೇ. ಒಂದೊಂದು ಅಚ್ಚಿಗೂ ಬೇರೆ ಇನ್ವರ್ಟರ್ ಕೊಡುವ ವಿನ್ಯಾಸಗಳೂ ಈಗ ಬಂದಿವೆ.

ಅಕ್ಕಿ ಗಿರಣಿಯಲ್ಲೋ ಗೇರುಬೀಜದ ಕಾರ್ಖಾನೆಯಲ್ಲೋ ಮೂರು ಫ್ಯಾನುಗಳನ್ನು ಒಂದೇ ಡ್ರೈವಿಗೆ ಹಾಕುವವರು ಗಮನಿಸಬೇಕಾದ ಅಪಾಯ ಇನ್ನೊಂದು. 5 ಎಚ್‌ಪಿಯ ಒಂದು ಮೋಟರ್ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಮೂರು ಸೇರಿ 22.5. ಸ್ವಲ್ಪ ಜಾಸ್ತಿ ಇರಲಿ ಎಂದು 27 ಆಂಪಿಯರಿನ ಡ್ರೈವ್ ತರುತ್ತಾರೆ, ಅದು ಸರಿಯೇ. ಈಗ ಒಂದು ಫ್ಯಾನಿನ ಬೇರಿಂಗ್ ಬಿಗಿದು ಆ ಮೋಟರ್ 11 ಆಂಪಿಯರ್ ಎಳೆಯತೊಡಗಿತು ಎನ್ನೋಣ. ಡ್ರೈವಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ: 26. ಅದು ತೆಪ್ಪಗಿರುತ್ತದೆ, ಒಳಗೆ ವೈಂಡಿಂಗ್ ಸುಡುತ್ತದೆ. ಪ್ರತಿ ಮೋಟರಿಗೂ ಅದರದೇ ಓವರ್‌ಲೋಡ್ ರಿಲೇ ಬೇಕು ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕಾಗಿ. ಮೂರೂ ರಿಲೇಗಳ ಸಹಾಯಕ ಸಂಪರ್ಕಗಳನ್ನು ಸರಣಿಯಲ್ಲಿ ಡ್ರೈವಿನ ಸ್ಟಾಪ್ ಟರ್ಮಿನಲ್ಲಿಗೆ ತಂದರೆ, ಯಾವ ಒಂದು ರಿಲೇ ಬಿದ್ದರೂ ಡ್ರೈವ್ ನಿಲ್ಲುತ್ತದೆ.

ಡ್ರೈವ್ ವೋಲ್ಟೇಜ್–ಆವರ್ತನ ಅನುಪಾತದ ಸಾದಾ ವಿಧಾನದಲ್ಲಿರಲಿ. ಮೋಟರನ್ನು ಅಳೆದು ನಡೆಸುವ ಮಾಮೂಲಿ ಡ್ರೈವುಗಳ ವೆಕ್ಟರ್ ವಿಧಾನ ಒಂದೇ ಮೋಟರಿನ ಲೆಕ್ಕದ್ದು. ಎರಡು ಓಡುತ್ತಿರುವಾಗ ಮೂರನೆಯದನ್ನು ನಡುವೆ ಆನ್ ಮಾಡಬಾರದು. ನಿಂತ ಮೋಟರಿಗೆ ಒಮ್ಮೆಗೇ ಪೂರ್ಣ ಆವರ್ತನ ಸಿಕ್ಕರೆ ಅದು ಆರು ಪಟ್ಟು, ಅಂದರೆ 45 ಆಂಪಿಯರ್, ಕೇಳುತ್ತದೆ; 27 ಆಂಪಿಯರಿನ ಡ್ರೈವ್ ಆ ಕ್ಷಣವೇ ಟ್ರಿಪ್ ಆಗುತ್ತದೆ. ಮೂರನ್ನೂ ಸೊನ್ನೆಯಿಂದ ಒಟ್ಟಿಗೇ ಏರಿಸಬೇಕು.